ಅಕಾರ್ಡಿಯನ್‌ನಲ್ಲಿ ಜಿಪ್ಸಿ ಜಾಝ್: ಎಡಗೈ ಕಲಿಯಬೇಕಾದ ಸಂಯಮ

ಜಿಪ್ಸಿ ಜಾಝ್ ಎಂದರೆ ಗಿಟಾರು, ಪಿಟೀಲು ಎಂದೇ ಹಲವರ ಲೆಕ್ಕ. 1934ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರು ವಾದಕ ಜಾಂಗೊ ರೈನ್‌ಹಾರ್ಟ್, ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲಿ ಕಟ್ಟಿದ ತಂಡದಲ್ಲಿ ಮೂರು ಗಿಟಾರು, ಒಂದು ಪಿಟೀಲು, ಒಂದು ಡಬಲ್ ಬಾಸ್ ಇದ್ದವು. ಅಕಾರ್ಡಿಯನ್‌ಗೆ ಅಲ್ಲಿ ಜಾಗವಿರಲಿಲ್ಲ. ಆದರೆ ಅದೇ ಜಾಂಗೊ 1928ರಲ್ಲಿ ಧ್ವನಿಮುದ್ರಣಕ್ಕೆ ಕೂತದ್ದು ಅಕಾರ್ಡಿಯನ್ ವಾದಕ ಜಾಂ ವೆಸಾದ್ ಅವರ ಪಕ್ಕದಲ್ಲಿ, ಬ್ಯಾಂಜೊ ಹಿಡಿದು, ಪಕ್ಕವಾದ್ಯದವನಾಗಿ. ಮುಂದೆ ಅಕಾರ್ಡಿಯನ್ ವಾದಕರಾದ ಗುಸ್ ವಿಜೂರ್, ಟೋನಿ ಮುರೆನಾ, ಜೋ ಪ್ರಿವಾ ಪ್ಯಾರಿಸ್‌ನ ಮ್ಯುಸೆಟ್ ನೃತ್ಯಸಂಗೀತಕ್ಕೆ ಸ್ವಿಂಗ್ ಬೆರೆಸಿದರು. ಆ ದಾರಿಯಲ್ಲಿ ನಡೆಯುವವರಿಗೆ ಕೆಲವು ಸೂತ್ರಗಳು ಇಲ್ಲಿವೆ.

1. ಮೊದಲು ಕಿವಿಗೆ ಕೆಲಸ ಕೊಡಿ. ವಿಜೂರ್ ಅವರ ‘ಫ್ಲಾಂಬೆ ಮೊಂತಾಲ್ಬನೇಜ್’, ಮುರೆನಾ ಅವರ ‘ಆಂದಿಫೆರಾಂಸ್’ ಕೇಳಿ. ಬೆರಳಿನ ವೇಗಕ್ಕೆ ಮರುಳಾಗದೆ ಸ್ವರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಗುರುತು ಹಾಕಿಕೊಳ್ಳಿ.

2. ಕಂಪನ ಕಡಿಮೆ ಮಾಡಿ. ಮ್ಯುಸೆಟ್ ರಿಜಿಸ್ಟರ್‌ನಲ್ಲಿ ಒಂದೇ ಸ್ವರದ ಎರಡು ಮೂರು ರೀಡುಗಳು ಕೊಂಚ ಹೆಚ್ಚು ಕಡಿಮೆ ಶ್ರುತಿಯಲ್ಲಿ ಒಟ್ಟಿಗೆ ನುಡಿದು ಕಂಪನ ಹುಟ್ಟಿಸುತ್ತವೆ. ವಾಲ್ಟ್ಸ್‌ಗೆ ಅದು ಸೊಗಸು. ವೇಗದ ಸ್ವರಸಾಲಿನಲ್ಲಿ ಮಾತ್ರ ಎಲ್ಲವನ್ನೂ ಕಲಸಿಹಾಕುತ್ತದೆ. ಒಂಟಿ ರೀಡಿನ ಕ್ಲಾರಿನೆಟ್ ರಿಜಿಸ್ಟರ್‌ನಲ್ಲಿ ಅಭ್ಯಾಸ ಮಾಡಿದರೆ ತಪ್ಪು ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

3. ‘ಪೋಂಪ್’ ಹಿಡಿಯಿರಿ. ಈ ಸಂಗೀತದ ಲಯವೆಲ್ಲ ಗಿಟಾರಿನ ಆ ಹೊಡೆತದಲ್ಲಿದೆ. ಒಂದು ಮತ್ತು ಮೂರನೆಯ ಎಣಿಕೆಗೆ ಮಂದ್ರ ತಂತಿಗಳು, ಎರಡು ಮತ್ತು ನಾಲ್ಕಕ್ಕೆ ಚುರುಕಾಗಿ ಹೊಡೆದು ತಕ್ಷಣ ಮುಚ್ಚಿದ ಕಾರ್ಡ್. ಒಬ್ಬರೇ ನುಡಿಸುವಾಗ ಇದನ್ನು ಎಡಗೈಗೆ ತನ್ನಿ. ಬಾಸ್ ಬಟನ್ ಚುಟುಕಾಗಿ ಒತ್ತಿ, ಕಾರ್ಡ್ ಬಟನ್ ಇನ್ನೂ ಚುಟುಕಾಗಿ. ಪ್ರತಿ ಪೆಟ್ಟಿಗೂ ತಿದಿಯನ್ನು ಜಗ್ಗಬೇಡಿ. ಒತ್ತಡ ಸಮನಾಗಿರಲಿ, ಕತ್ತರಿಸುವ ಕೆಲಸವನ್ನು ಬೆರಳು ಮಾಡಲಿ. ಮೆಟ್ರೋನೋಮ್ ಅನ್ನು 60ಕ್ಕೆ ಇಟ್ಟು, ಅದರ ಟಿಕ್ ಎರಡು ಮತ್ತು ನಾಲ್ಕನೆಯ ಎಣಿಕೆಗೆ ಬೀಳುವಂತೆ ನುಡಿಸಿ. ನಿಮ್ಮ ಕಾಲ 120 ಆಗುತ್ತದೆ, ಲಯ ಜಾರಿದ್ದು ತಕ್ಷಣ ಗೊತ್ತಾಗುತ್ತದೆ.

4. ಗಿಟಾರು ಇದ್ದರೆ ಎಡಗೈ ಎತ್ತಿಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ಎರಡು ಗಿಟಾರು, ಒಂದು ಡಬಲ್ ಬಾಸ್ ಪೋಂಪ್ ನಡೆಸುತ್ತಿರುವಾಗ ನಿಮ್ಮ ಬಾಸ್ ಬಟನ್‌ಗಳೂ ಸೇರಿಕೊಂಡರೆ ಒಂದೇ ಬಾಗಿಲಲ್ಲಿ ನಾಲ್ವರು ನುಗ್ಗಿದಂತೆ. ಆಗ ಪಕ್ಕವಾದ್ಯದ ಕೆಲಸ ಬಲಗೈಯದು, ಅದೂ ಎರಡೇ ಸ್ವರಗಳಲ್ಲಿ: ಕಾರ್ಡಿನ ಮೂರನೆಯದು, ಏಳನೆಯದು. ಡಿ ಸೆವೆಂತ್‌ಗೆ ಎಫ್ ಶಾರ್ಪ್ ಮತ್ತು ಸಿ. ಅಲ್ಲಿಂದ ಜಿ ಸೆವೆಂತ್‌ಗೆ ಹೋಗುವಾಗ ಎಫ್ ಶಾರ್ಪ್ ಎಫ್‌ಗೆ ಇಳಿಯುತ್ತದೆ, ಸಿ ಬಿಗೆ ಇಳಿಯುತ್ತದೆ. ಎರಡು ಬೆರಳು ತಲಾ ಅರ್ಧ ಸ್ವರ ಸರಿದರೆ ಕೆಲಸ ಮುಗಿಯಿತು. ಪಿಟೀಲು ಮೇಲಿನ ಸ್ಥಾಯಿಯಲ್ಲಿ ಓಡುತ್ತಿದ್ದರೆ ನೀವು ಮಧ್ಯ ಸ್ಥಾಯಿಯಲ್ಲೇ ಇರಿ. ನಡುನಡುವೆ ಸುಮ್ಮನಿರಿ. ಅಕಾರ್ಡಿಯನ್ ಗಟ್ಟಿ ವಾದ್ಯ. ಸುಮ್ಮನಿರಲು ಬಾರದವರನ್ನು ಗಿಟಾರಿನವರು ಎರಡನೆಯ ಸಲ ಕರೆಯುವುದಿಲ್ಲ.

5. ಮೈನರ್ ಸಿಕ್ಸ್ತ್ ಬಟನ್ ಇಲ್ಲವೆಂದು ಕೊರಗಬೇಡಿ. ಈ ಸಂಗೀತದ ಬಣ್ಣವೇ ಆ ಕಾರ್ಡ್. ಎಡಗೈಯ ಓರೆ ಸಾಲಿನಲ್ಲಿ ಬಾಸ್, ಮೇಜರ್, ಮೈನರ್, ಸೆವೆಂತ್, ಡಿಮಿನಿಶ್ಡ್ ಕ್ರಮವಾಗಿ ಬರುತ್ತವೆ. ಸಾಮಾನ್ಯವಾಗಿ ಡಿಮಿನಿಶ್ಡ್ ಬಟನ್ ಮೂರೇ ಸ್ವರ ಕೊಡುತ್ತದೆ, ಐದನೆಯದನ್ನು ಬಿಟ್ಟು. ಹಾಗಾಗಿ ಎ ಮೈನರ್ ಮತ್ತು ಎ ಡಿಮಿನಿಶ್ಡ್ ಒಟ್ಟಿಗೆ ಒತ್ತಿದರೆ ಎ, ಸಿ, ಇ, ಎಫ್ ಶಾರ್ಪ್ ಬರುತ್ತವೆ. ಇದೇ ಎ ಮೈನರ್ ಸಿಕ್ಸ್ತ್. ನಡುವಿನ ಸೆವೆಂತ್ ಬಟನ್ ದಾಟಿ ಬೆರಳು ಚಾಚಬೇಕು, ಅಷ್ಟೆ. ಚಿಕ್ಕ ಅಕಾರ್ಡಿಯನ್‌ಗಳಲ್ಲಿ ಈ ಕೊನೆಯ ಸಾಲು ಇಲ್ಲದಿರಬಹುದು. ಆಗ ಎಫ್ ಶಾರ್ಪ್ ಅನ್ನು ಬಲಗೈಗೆ ವಹಿಸಿ.

6. ಡಿಮಿನಿಶ್ಡ್ ಬಟನ್‌ನ ಇನ್ನೊಂದು ಉಪಯೋಗ: ಇ ಬಾಸ್ ಮೇಲೆ ಎಫ್ ಡಿಮಿನಿಶ್ಡ್ ಒತ್ತಿ. ಇ ಸೆವೆಂತ್‌ಗೆ ಫ್ಲಾಟ್ ನೈನ್ತ್ ಸೇರಿದ ಬಿಗಿ ನಾದ ಬರುತ್ತದೆ. ಎ ಮೈನರ್‌ಗೆ ಮರಳುವ ಮುನ್ನ ಇದನ್ನು ಬಳಸಿ, ಪ್ರತಿ ಸಲವೂ ಅಲ್ಲ.

7. ಡಿಮಿನಿಶ್ಡ್ ಆರ್ಪೆಜಿಯೊ ಒಟ್ಟು ಇರುವುದೇ ಮೂರು. ಉಳಿದವೆಲ್ಲ ಅವೇ ಸ್ವರಗಳ ಬೇರೆ ಆರಂಭ. ಕ್ರೊಮ್ಯಾಟಿಕ್ ಬಟನ್ ಅಕಾರ್ಡಿಯನ್‌ನಲ್ಲಿ ಒಂದು ಸಾಲಿನ ಪಕ್ಕಪಕ್ಕದ ಬಟನ್‌ಗಳ ಅಂತರ ಮೈನರ್ ಥರ್ಡ್ ಆದ್ದರಿಂದ ಇದು ನೇರ ಗೆರೆಯಲ್ಲೇ ಸಿಗುತ್ತದೆ. ಪಿಯಾನೊ ಅಕಾರ್ಡಿಯನ್‌ನವರು ಬೆವರು ಹರಿಸಬೇಕು.

8. ಸ್ವರಕ್ಕೆ ಕೆಳಗಿನಿಂದ ಬನ್ನಿ. ಎ ಮೈನರ್ ಸಿಕ್ಸ್ತ್‌ನ ಪ್ರತಿ ಸ್ವರವನ್ನೂ ಅರ್ಧ ಸ್ವರ ಕೆಳಗಿನಿಂದ ಮುಟ್ಟಿ: ಜಿ ಶಾರ್ಪ್–ಎ, ಬಿ–ಸಿ, ಡಿ ಶಾರ್ಪ್–ಇ, ಎಫ್–ಎಫ್ ಶಾರ್ಪ್. ಕೆಳಗಿನ ಸ್ವರ ಎಣಿಕೆಗೆ ಮೊದಲು, ಕಾರ್ಡಿನ ಸ್ವರ ಎಣಿಕೆಯ ಮೇಲೆ. ಬರೀ ಸ್ಕೇಲು ಏರಿಳಿಯುವುದಕ್ಕಿಂತ ಈ ಒಂದು ಅಭ್ಯಾಸದಿಂದ ಕೈಗೆ ಜಾಝ್ ಬೇಗ ಹತ್ತುತ್ತದೆ.

9. ಹಾರ್ಮೋನಿಯಂನಿಂದ ಬಂದವರು ತಿದಿಯ ಕಡೆ ಹೆಚ್ಚು ಗಮನ ಕೊಡಿ. ಹಾರ್ಮೋನಿಯಂ ಒಳಗಿನ ಗಾಳಿಚೀಲ ಒತ್ತಡದ ಏರುಪೇರನ್ನು ಸರಿದೂಗಿಸುತ್ತದೆ. ಅಕಾರ್ಡಿಯನ್‌ನಲ್ಲಿ ಆ ಆಸರೆಯಿಲ್ಲ. ನಿಮ್ಮ ತೋಳು ನಡುಗಿದರೆ ಸ್ವರವೂ ನಡುಗುತ್ತದೆ. ತಿದಿ ತಿರುಗಿಸುವ ಜಾಗವನ್ನು ಸ್ವರವಾಕ್ಯದ ಕೊನೆಗೆ ಮೊದಲೇ ನಿಗದಿ ಮಾಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ.

10. ಮೊದಲ ಕೃತಿಯಾಗಿ ಜಾಂಗೊ ತಂಡದ 1937ರ ‘ಮೈನರ್ ಸ್ವಿಂಗ್’ ತೆಗೆದುಕೊಳ್ಳಿ. ಬಹುಪಾಲು ಎ ಮೈನರ್, ಡಿ ಮೈನರ್, ಇ ಸೆವೆಂತ್‌ನಲ್ಲೇ ನಡೆಯುತ್ತದೆ. ಒಂದು ಸುತ್ತು ಬರೀ ಎಡಗೈಯ ಪೋಂಪ್, ಇನ್ನೊಂದು ಸುತ್ತು ಬರೀ ಬಲಗೈಯ ಎರಡು ಸ್ವರ, ಮೂರನೆಯ ಸುತ್ತು ಆರ್ಪೆಜಿಯೊ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಿಮ್ಮ ಪೋಂಪ್ ರೆಕಾರ್ಡ್ ಮೇಲೆ ನೀವೇ ಸೋಲೊ ನುಡಿಸಲು ಹಿತವೆನಿಸಿದರೆ ಮಾತ್ರ ಮೆಟ್ರೋನೋಮ್ ಅನ್ನು ಒಂದು ಮೆಟ್ಟಿಲು ಏರಿಸಿ.