ಕತ್ತೆ, ಕಟ್ಟೆ ಮತ್ತು ನಮ್ಮ ಮಕ್ಕಳ ನಾಲಿಗೆ

ನಮ್ಮ ಕನ್ನಡ ತರಗತಿಯ ಎಂಟು ವರ್ಷದ ಹುಡುಗನೊಬ್ಬ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದ. ಬಾಗಿಲಲ್ಲಿ ನಿಂತು, "ಅಜ್ಜೀ, ಕಟ್ಟೆ ಹುಲ್ಲು ತಿಂತಾ ಇದೆ!" ಎಂದು ಕೂಗಿದನಂತೆ. ಅವನು ಹೇಳಹೊರಟಿದ್ದು ಕತ್ತೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರೀತಿಯಿಂದಲೇ ನಕ್ಕದ್ದು. ಆದರೆ ಉಳಿದ ಮೂರು ವಾರ ಆ ಹುಡುಗ ಬಾಯಿ ಬಿಟ್ಟರೆ ಬರೀ ಇಂಗ್ಲಿಷ್. ಅಜ್ಜಿಗೆ ಇಂಗ್ಲಿಷ್ ಬಾರದು. ಅವನ ತಾಯಿ ಇದನ್ನು ಹೇಳಿದಾಗ ನಮ್ಮಲ್ಲಿ ಹಲವರಿಗೆ ತಮ್ಮ ಮನೆಯ ಕಥೆಯೇ ನೆನಪಾಯಿತು. ಇಷ್ಟಕ್ಕೂ ಎಡವಿದ್ದು ನಾಲಿಗೆಯೋ, ಕಿವಿಯೋ? ಈ ಸಂಚಿಕೆಯಲ್ಲಿ ಅದನ್ನೇ ಸ್ವಲ್ಪ ನೋಡೋಣ.

ನಾವು ಬಾಯಿಪಾಠ ಮಾಡಿದ ವರ್ಣಮಾಲೆ ಒಂದು ರೀತಿಯಲ್ಲಿ ಬಾಯಿಯ ನಕ್ಷೆ. 'ಕ' ಎನ್ನುವಾಗ ನಾಲಿಗೆಯ ಹಿಂಭಾಗ ಗಂಟಲಿನ ಹತ್ತಿರ ಮೇಲೇಳುತ್ತದೆ. ಚ, ಟ, ತ ಎನ್ನುತ್ತಾ ಮುಂದೆ ಬಂದು, 'ಪ'ದಲ್ಲಿ ತುಟಿಗೆ ತಲುಪುತ್ತೇವೆ. ಅಡ್ಡಸಾಲಿಗೂ ಲೆಕ್ಕ ಉಂಟು. ಬಾಯಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದು 'ಪ' ಎನ್ನಿ, ಕಾಗದ ಹೆಚ್ಚು ಅಲುಗುವುದಿಲ್ಲ; 'ಫ' ಎಂದು ಮಹಾಪ್ರಾಣವಾಗಿ ಹೇಳಿ, ಹಾರುತ್ತದೆ. ಮೂಗು ಮುಚ್ಚಿಕೊಂಡು 'ಮ' ಎನ್ನಲು ಹೋದರೆ ಏನಾಗುತ್ತದೆಂದು ಮಕ್ಕಳನ್ನೇ ಕೇಳಿ. ನಮ್ಮ ತರಗತಿಯಲ್ಲಿ ಈ ಆಟಕ್ಕೆ ಅರ್ಧ ಗಂಟೆ ಸಾಲಲಿಲ್ಲ! ಉಚ್ಚಾರಣೆಯ ಶಾಸ್ತ್ರವನ್ನು 'ಶಿಕ್ಷಾ' ಎಂಬ ಹೆಸರಿನಲ್ಲಿ ವೇದಾಂಗಗಳಲ್ಲಿ ಒಂದಾಗಿ ಎಣಿಸಿದ ಹಿರಿಯರು ಇದನ್ನೆಲ್ಲ ಯಂತ್ರಗಳಿಲ್ಲದೆ ಗಮನಿಸಿದ್ದರು.

ಈಗ ಕತ್ತೆಗೆ ಬರೋಣ. 'ತ'ಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಗಲುತ್ತದೆ. 'ಟ'ಕ್ಕೆ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ಇಂಗ್ಲಿಷಿನ 'ಟೀ' ಅಕ್ಷರದ ಧ್ವನಿ ಇವೆರಡರ ನಡುವೆ, ಹಲ್ಲಿನ ಹಿಂದಿನ ಒಸಡಿನ ಉಬ್ಬಿನ ಮೇಲೆ ಹುಟ್ಟುತ್ತದೆ. ನಮ್ಮ ಕಿವಿಗೆ ಅದು 'ಟ'ಕ್ಕೆ ಹತ್ತಿರ ಕೇಳಿಸುತ್ತದೆ. ಟಿಕೆಟ್, ಟೇಬಲ್ ಎಂದು ಬರೆದುಕೊಂಡದ್ದು ಅದಕ್ಕೇ. ದಿನವಿಡೀ ಇಂಗ್ಲಿಷ್ ಆಡುವ ಮಗುವಿಗೆ ಅಲ್ಲಿ ಇರುವುದು ಒಂದೇ ಜಾಗ. ಕತ್ತೆಯೂ ಕಟ್ಟೆಯೂ ಅಲ್ಲಿಗೇ ಬಂದು ಸೇರುತ್ತವೆ. ಹಳ್ಳಿಗೆ ಹೋಗಬೇಕಾದವರು ಹಲ್ಲಿಗೆ ಹೋಗುವುದೂ ಹೀಗೆಯೇ.

ಹುಟ್ಟಿದಾಗ ಹೀಗಿರಲಿಲ್ಲ ಎಂಬುದೇ ಆಶ್ಚರ್ಯ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಸಂಶೋಧಕರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಕೇಳಿಸಿದರು. ಧ್ವನಿ ಬದಲಾದಾಗ ಕೂಸು ತಲೆ ತಿರುಗಿಸಿದರೆ ಆಟಿಕೆ ಕಾಣುವ ಏರ್ಪಾಡು. ಆರರಿಂದ ಎಂಟು ತಿಂಗಳ ಕೂಸುಗಳು, ಹಿಂದಿಯನ್ನೇ ಕೇಳದವು, ವ್ಯತ್ಯಾಸವನ್ನು ಚೆನ್ನಾಗಿ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಸಿಗಲಿಲ್ಲ. ಕಿವಿ ಕೆಟ್ಟಿತೆಂದಲ್ಲ. ಸುತ್ತಲಿನವರು ಬಳಸದ ಭೇದವನ್ನು ಮಿದುಳು ಬದಿಗಿಡುತ್ತದೆ. ಕಲಿತರೆ ದೊಡ್ಡವರಿಗೂ ಅದು ಮತ್ತೆ ಬರುತ್ತದೆ, ಸ್ವಲ್ಪ ಹೆಣಗಬೇಕು ಅಷ್ಟೆ. ನಮ್ಮದೂ ಅದೇ ಪಾಡಲ್ಲವೇ? ಇಂಗ್ಲಿಷಿನಲ್ಲಿ ಕುಡಿಯುವ ವೈನಿಗೂ ಬಳ್ಳಿ ಎಂಬ ಅರ್ಥದ ವೈನಿಗೂ ಮೊದಲ ಧ್ವನಿ ಬೇರೆ. ಇಪ್ಪತ್ತು ವರ್ಷ ಇಲ್ಲಿದ್ದರೂ ನಮ್ಮಲ್ಲಿ ಅನೇಕರು ಎರಡನ್ನೂ ಒಂದೇ 'ವ'ದಲ್ಲಿ ಮುಗಿಸುತ್ತೇವೆ. ಮಕ್ಕಳು ನಗುತ್ತಾರೆ.

ಧ್ವನಿಗಳು ಒಂಟಿಯಾಗಿಯೂ ಇರುವುದಿಲ್ಲ, ನೆರೆಯವರನ್ನು ನೋಡಿ ಬದಲಾಗುತ್ತವೆ. ಅಂಕ, ಅಂಚು, ಅಂಟು, ಅಂದ, ಅಂಬು ಎಂದು ನಿಧಾನವಾಗಿ ಹೇಳಿ. ಬರೆಯುವುದು ಒಂದೇ ಸೊನ್ನೆ. ಬಾಯಿಯಲ್ಲಿ ಅದು ಕ್ರಮವಾಗಿ ಙ, ಞ, ಣ, ನ, ಮ ಆಗುತ್ತದೆ. ಮುಂದಿನ ವ್ಯಂಜನಕ್ಕೆ ನಾಲಿಗೆ ಮೊದಲೇ ಸಿದ್ಧವಾಗಿರುವುದರಿಂದ ಹೀಗೆ. ಮಳೆ, ಕಾಲ ಸೇರಿ ಮಳೆಗಾಲ. ಸತ್, ಜನ ಸೇರಿ ಸಜ್ಜನ. ಶಾಲೆಯಲ್ಲಿ ಬೆತ್ತದ ಭಯದಿಂದ ಕಲಿತ ಸಂಧಿಗಳ ಹಿಂದೆ ಇದ್ದದ್ದು ನಾಲಿಗೆಯ ಈ ಅನುಕೂಲವೇ.

ಚಿಕ್ಕ ಮಕ್ಕಳು ಕಾಗೆಯನ್ನು 'ತಾದೆ', ರಾಮನನ್ನು 'ಲಾಮ' ಎಂದರೆ ಗಾಬರಿ ಬೇಡ. ತುಟಿಯ ಪ, ಬ, ಮ ಮೊದಲು ಬರುತ್ತವೆ. ಕ, ಗ ಸಾಮಾನ್ಯವಾಗಿ ಆಮೇಲೆ. ರ ಮತ್ತು ಳ ಇನ್ನೂ ತಡ. ಆದರೆ ಹತ್ತು ತಿಂಗಳಾದರೂ 'ಬಬಬ', 'ದದದ' ಎನ್ನದ ಕೂಸಿಗೆ ಕಿವಿಯ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇನ್ನೊಂದು ಮಾತು. ಮಗು ತಡವಾಗಿ ಮಾತಾಡಿದರೆ "ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂದು ಸಲಹೆ ಕೊಡುವವರು ಇಂದಿಗೂ ಸಿಗುತ್ತಾರೆ. ಆ ಮಾತು ನಂಬಿ ಕನ್ನಡ ಬಿಟ್ಟ ಮನೆಗಳು ನಮ್ಮ ನಡುವೆಯೇ ಇವೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತೊಂದರೆ ಇದ್ದರೆ ಅದಕ್ಕೆ ಕಾರಣ ಬೇರೆ. ಕನ್ನಡ ಬಿಟ್ಟರೆ ಅದು ಹೋಗುವುದೂ ಇಲ್ಲ.

ಹಾಗಾದರೆ ಕನ್ನಡದ ವಿಡಿಯೋ ಹಾಕಿ ಕೂರಿಸಿದರೆ ಸಾಕೇ? ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆ ಚೀನೀ ಭಾಷಿಕರು ಹನ್ನೆರಡು ಸಲ ಕೂತು ಆಡಿ, ಪುಸ್ತಕ ಓದಿದರು. ಆ ಕೂಸುಗಳು ಚೀನೀ ಧ್ವನಿಭೇದವನ್ನು ಗುರುತಿಸಿದವು. ಅದೇ ಜನರನ್ನು ಪರದೆಯ ಮೇಲೆ ಮಾತ್ರ ನೋಡಿದ ಕೂಸುಗಳಿಗೆ ಏನೂ ದಕ್ಕಲಿಲ್ಲ. ಎದುರಿಗೆ ಕೂತು ಮಾತಾಡುವ ಅಜ್ಜಿ ಆರು ತಿಂಗಳ ವೀಸಾದಲ್ಲಿ ಬಂದಾಗ ಏನು ಮಾಡುತ್ತಾರೆಂಬುದು ಇದರಿಂದ ಅರ್ಥವಾದೀತು.

ಆ ಹುಡುಗನಿಗೆ ನಾವು ಮಾಡಿದ್ದು ಇಷ್ಟೇ. ಕನ್ನಡಿ ಕೊಟ್ಟು 'ತ'ಕ್ಕೆ ನಾಲಿಗೆಯ ತುದಿ ಹಲ್ಲಿನ ನಡುವೆ ಸ್ವಲ್ಪ ಕಾಣುವಂತೆ ಹೇಳಿಸಿದೆವು. ಆಮೇಲೆ ಹಿಂದಕ್ಕೆ ಎಳೆದುಕೊಂಡರಾಯಿತು. ತಪ್ಪಿದಾಗ "ತಪ್ಪು" ಎನ್ನದೆ, "ಹೌದು ಮರೀ, ಕತ್ತೆ ಹುಲ್ಲು ತಿಂತಾ ಇದೆ" ಎಂದು ನಾವೇ ಸರಿಯಾಗಿ ಹೇಳಿ ಮಾತು ಮುಂದುವರಿಸಿದೆವು. ಕಳೆದ ತಿಂಗಳು ಅವನು ಅಜ್ಜಿಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದನಂತೆ. 'ಳ' ಇನ್ನೂ ಬಂದಿಲ್ಲ.