ಅರಳುಮರಳು ಎಂದು ಕೈಬಿಡಬೇಡಿ

“ಅಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾರೆ ಡಾಕ್ಟ್ರೇ. ಮೊನ್ನೆ ದೇವಸ್ಥಾನದಿಂದ ಬರೋವಾಗ ಮನೆ ದಾರೀನೇ ಮರೆತುಹೋಯ್ತಂತೆ. ಅಕ್ಯುಪಂಕ್ಚರ್ ಮಾಡಿಸಿದ್ರೆ ನೆನಪು ವಾಪಸ್ ಬರುತ್ತಂತಲ್ಲ, ಕರ್ಕೊಂಡು ಹೋಗ್ಲಾ?”

ಎಪ್ಪತ್ತೆರಡು ವರ್ಷದ ತಾಯಿಯನ್ನು ಕರೆತಂದಿದ್ದ ಮಗನ ಪ್ರಶ್ನೆಯಿದು. ಆ ತಾಯಿ ಪಕ್ಕದಲ್ಲೇ ಕುಳಿತು ಸೆರಗಿನ ಅಂಚನ್ನು ಮಡಿಸುತ್ತಿದ್ದರು.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮವರಿಗೆಷ್ಟು ಅಭ್ಯಾಸವಾಗಿದೆಯೆಂದರೆ, ಮರೆವು ಒಂದು ಕಾಯಿಲೆಯ ಲಕ್ಷಣವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ವೈದ್ಯರೂ ಇದಕ್ಕೆ ಹೊರತಲ್ಲ. ವೃತ್ತಿಗೆ ಬಂದ ಹೊಸದರಲ್ಲಿ “ವಯಸ್ಸಾಯ್ತಲ್ಲ” ಎಂದು ಹೇಳಿ ನಾನೂ ಕೆಲವರನ್ನು ಹಿಂದಕ್ಕೆ ಕಳಿಸಿದ್ದುಂಟು. ಕನ್ನಡಕ ಎಲ್ಲಿಟ್ಟೆನೆಂದು ತಡಕಾಡುವುದು ವಯಸ್ಸಿನ ಮರೆವು. ದಿನವೂ ಓಡಾಡುವ ಬೀದಿಯಲ್ಲಿ ದಾರಿ ತಪ್ಪುವುದು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಿಳಿಯದಾಗುವುದು, ಊಟ ಮಾಡಿ ಎದ್ದು “ನನಗೆ ಊಟ ಹಾಕಲಿಲ್ಲ” ಎನ್ನುವುದು ಬೇರೆಯೇ. ಇದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆಯಿದೆ.

ಇದರಲ್ಲಿ ಹೆಚ್ಚಿನ ಪಾಲು ಆಲ್ಝೈಮರ್ ಕಾಯಿಲೆಯದು. ಮೆದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವುದು ಇನ್ನೊಂದು. ಇವನ್ನು ಪೂರ್ಣ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಆದರೆ ಮರೆವೆಲ್ಲ ಇವುಗಳಿಂದಲೇ ಅಲ್ಲ. ಥೈರಾಯಿಡ್ ಗ್ರಂಥಿಯ ಮಾಂದ್ಯ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಜಾರಿ ಬಿದ್ದಾಗ ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ಇವೂ ಮರೆವು ತರುತ್ತವೆ. ಇವುಗಳಿಗೆ ಚಿಕಿತ್ಸೆಯಿದೆ. ಕಿವಿ ಮಂದವಾದವರನ್ನೂ ನಾವು ಎಷ್ಟೋ ಸಲ ಮರೆಗುಳಿಗಳೆಂದು ತಿಳಿದುಬಿಡುತ್ತೇವೆ!

ಈ ತಾಯಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದಕ್ಕೆ ನುಂಗುತ್ತಿದ್ದ ಮೆಟ್‌ಫಾರ್ಮಿನ್ ಮಾತ್ರೆ ಬಹುಕಾಲ ನಡೆದರೆ ಬಿ-12 ಕಡಿಮೆಯಾಗುವುದುಂಟು. ಜತೆಗೆ ಯಾವಾಗಲೋ ಬರೆದುಕೊಟ್ಟಿದ್ದ ನಿದ್ದೆ ಮಾತ್ರೆ, ನೆಗಡಿಗೆಂದು ಅಂಗಡಿಯಿಂದ ತಂದ ಮಾತ್ರೆ. ಈ ಎರಡೂ ಮುದುಕರ ಮೆದುಳನ್ನು ಮಂಕಾಗಿಸಬಲ್ಲವು. ರಕ್ತ ಪರೀಕ್ಷೆಯಲ್ಲಿ ಬಿ-12 ತೀರ ಕಡಿಮೆಯಿತ್ತು. ಚುಚ್ಚುಮದ್ದು ಶುರುಮಾಡಿ, ನೆಗಡಿ ಮಾತ್ರೆ ನಿಲ್ಲಿಸಿ, ನಿದ್ದೆ ಮಾತ್ರೆಯನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದೆವು. (ಅದನ್ನು ಏಕಾಏಕಿ ನಿಲ್ಲಿಸಬಾರದು.) ನಾಲ್ಕು ತಿಂಗಳಲ್ಲಿ ಹಗಲಿನ ಮಂಪರು ಹೋಯಿತು, ಅಡುಗೆಮನೆಗೆ ಮರಳಿದರು. ಮೊಮ್ಮಕ್ಕಳ ಹೆಸರು ಮಾತ್ರ ಈಗಲೂ ಅದಲುಬದಲು. ಒಳಗೊಳಗೇ ಡಿಮೆನ್ಷಿಯಾ ಕೂಡ ಇದೆಯೆಂದೇ ನನ್ನ ಅನುಮಾನ.

ಇಷ್ಟನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ, ಬೇಕಾಗಿದ್ದು ಅರ್ಧ ಗಂಟೆ. ಮನೆಯವರನ್ನೆಲ್ಲ ಬಲ್ಲ ಕುಟುಂಬ ವೈದ್ಯನಿಗೆ ಇದು ಸುಲಭ, ಆದರೆ ಅವನಿಗೆ ಅದನ್ನು ಕಲಿಸಿರಬೇಕಷ್ಟೆ. ನಾವು ಓದುವಾಗ ವಾರ್ಡಿನಲ್ಲಿ ಮಲಗಿದ ರೋಗಿಯನ್ನು ನೋಡಿದೆವೇ ಹೊರತು, ದಾರಿ ತಪ್ಪಿದ ಅಜ್ಜಿಯನ್ನೂ ನಿದ್ದೆಗೆಟ್ಟ ಸೊಸೆಯನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದನ್ನು ಯಾರೂ ಹೇಳಿಕೊಡಲಿಲ್ಲ. 2022ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಹಂತದ ವೈದ್ಯರಿಗೆ ಇಂಥ ತರಬೇತಿ ಕೊಡಲಾಯಿತು. ಕುಟುಂಬ ವೈದ್ಯಶಾಸ್ತ್ರ ಕಲಿಯುವ ಎಳೆಯ ವೈದ್ಯರು ಕೂರುವ ಪ್ರತಿ ಚಿಕಿತ್ಸಾಲಯದಲ್ಲೂ ವಾರಕ್ಕೆ ಅರ್ಧ ದಿನವನ್ನು ಮರೆವಿಗೆಂದೇ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಸೂಜಿಯ ಮಾತು. 1938ರಲ್ಲಿ ಡಾ. ಕೋಟ್ನಿಸ್‌ರೊಂದಿಗೆ ಚೀನಾಕ್ಕೆ ಹೋಗಿದ್ದ ವೈದ್ಯ ತಂಡದ ಡಾ. ಬಿ.ಕೆ. ಬಸು ಅವರು ಮುಂದೆ ಅಕ್ಯುಪಂಕ್ಚರ್ ಕಲಿತು ಕಲ್ಕತ್ತೆಗೆ ತಂದರು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಆದರೂ ಹೋದ ನೆನಪನ್ನು ಸೂಜಿ ಮರಳಿ ತರುತ್ತದೆಂಬುದಕ್ಕೆ ನಂಬಬಹುದಾದ ಪುರಾವೆಯಿಲ್ಲ. ಅದಕ್ಕಾಗಿ ಹಣ ಕಟ್ಟಬೇಡಿ.

ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ. ಡಿಮೆನ್ಷಿಯಾ ಇರುವವರು ಮಂಡಿ ನೋವನ್ನು ಬಾಯಿಬಿಟ್ಟು ಹೇಳಲಾರರು. ಬದಲಿಗೆ ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ, ರಾತ್ರಿಯೆಲ್ಲ ಕೂಗುತ್ತಾರೆ. “ಹಟ ಜಾಸ್ತಿಯಾಗಿದೆ” ಎಂದು ಮನೆಯವರು ನಿದ್ದೆ ಮಾತ್ರೆ ಕೇಳುತ್ತಾರೆ. ನೋವು ತಗ್ಗಿದರೆ ಹಟವೂ ತಗ್ಗುವುದನ್ನು ಕಂಡಿದ್ದೇನೆ. ನೋವಿನ ಮಾತ್ರೆಗಳು ಹೊಟ್ಟೆಗೆ, ಮೂತ್ರಪಿಂಡಕ್ಕೆ ಒಗ್ಗದ ವಯಸ್ಸಿನಲ್ಲಿ ತರಬೇತಾದವರ ಕೈಯಿಂದ ಅಕ್ಯುಪಂಕ್ಚರ್ ಮಾಡಿಸಿದರೆ ಕೆಲವರಿಗೆ ಮಂಡಿ ನೋವು ಅಷ್ಟಿಷ್ಟು ಇಳಿಯುತ್ತದೆ. ಸೂಜಿ ಒಮ್ಮೆ ಬಳಸಿ ಎಸೆಯುವಂಥದ್ದಾಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಇಪ್ಪತ್ತು ನಿಮಿಷ ಅಲುಗಾಡದೆ ಇರಲಾರದವರಿಗೆ ಇದು ಬೇಡ.

ನಿಮ್ಮ ಮನೆಯ ಹಿರಿಯರನ್ನು ಕರೆತರುವಾಗ ಅವರು ನುಂಗುವ ಮಾತ್ರೆ, ಕುಡಿಯುವ ಕಷಾಯ, ಹಳೆಯ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಮರೆವು ಯಾವಾಗ ಶುರುವಾಯಿತು, ಇತ್ತೀಚೆಗೆ ಬಿದ್ದಿದ್ದಾರೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಅವರೊಂದಿಗೆ ಹಗಲೆಲ್ಲ ಇರುವವರು ಜತೆಗೆ ಬರಲಿ. ನಾಲ್ಕೇ ದಿನದಲ್ಲಿ ಒಮ್ಮೆಲೇ ಗೊಂದಲ ಹೆಚ್ಚಿದ್ದರೆ ಮುಂದಿನ ವಾರದವರೆಗೆ ಕಾಯದೆ ಆ ದಿನವೇ ಕರೆತನ್ನಿ. ಮೂತ್ರದ ಸೋಂಕೋ ಸಕ್ಕರೆಯ ಏರಿಳಿತವೋ ಇರಬಹುದು.