ಸುಂಕದವನ ಮುಂದೆ

ಜೈಸಲ್ಮೇರಿನಲ್ಲಿ ಕೋಟೆ ಕಾಣುವ ರೂಮು, ರಾತ್ರಿಗೆ 900 ರೂಪಾಯಿ. ಅದೂ ಡಿಸೆಂಬರಿನಲ್ಲಿ! ಅಹಮದಾಬಾದಿನಲ್ಲಿರುವ ಭಾವಮೈದನ ಮನೆಯಲ್ಲಿ ಕೂತು ಅರ್ಧ ಗಂಟೆ ಮೊಬೈಲ್ ಉಜ್ಜಿ ಇದನ್ನು ಹುಡುಕಿದ್ದೆ. "ಅಷ್ಟು ಕಡಿಮೆ ಯಾಕಂತೆ ರೀ?" ಅಂದಳು ಹೆಂಡತಿ. ದುಡ್ಡಿನ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಕಾರು ಭಾವಮೈದನದು. ಅವನ ಫಾಸ್ಟ್ಯಾಗಿಗೆ 2025ರ ಆಗಸ್ಟ್ 15ರಿಂದ ಬಂದ ವಾರ್ಷಿಕ ಪಾಸ್ ಇತ್ತು: ಆಗ 3,000 ರೂಪಾಯಿ ಕಟ್ಟಿದರೆ ಒಂದು ವರ್ಷ ಅಥವಾ 200 ಸಲ ಗೇಟು ದಾಟುವ ತನಕ. ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾತ್ರ ನಡೆಯುವ ಪಾಸ್ ಅದು. ರಾಜ್ಯ ಹೆದ್ದಾರಿಯ ಗೇಟು ಬಂದಾಗ ದುಡ್ಡು ಬೇರೆಯಾಗಿಯೇ ಹೋಯಿತು. ಜೋಧಪುರದಲ್ಲಿ ಒಂದು ರಾತ್ರಿ ಮಲಗಿ ಮಾರನೆಯ ದಿನ ಪೋಖರಣ್ ದಾಟಿದೆವು. 1974 ಮತ್ತು 1998ರ ಅಣು ಪರೀಕ್ಷೆಗಳ ಕಥೆಯನ್ನು ಮಗಳಿಗೆ ಹೇಳುತ್ತಿದ್ದೆ. ಅವಳು ಗಾಳಿಯಂತ್ರ ಎಣಿಸುತ್ತಿದ್ದಳು.

ಹೋಟೆಲಿಗೆ ಕಾಲಿಟ್ಟ ತಕ್ಷಣ ಪುಕ್ಕಟೆ ಚಹಾ ಬಂತು. ಅದರ ಹಿಂದೆಯೇ ಮ್ಯಾನೇಜರ್ ಬಂದ. "ಸಫಾರಿ ಯಾವುದು ಬರೆದುಕೊಳ್ಳಲಿ ಸಾಬ್?" ಇನ್ನೂ ಯೋಚಿಸಿಲ್ಲ ಅಂದೆ. ಅವನ ನಗು ಒಂಚೂರು ಇಳಿಯಿತು. ಈ ರೇಟು ಸಫಾರಿ ತೆಗೆದುಕೊಳ್ಳುವವರಿಗಂತೆ, ನಾಳೆ ರೂಮಿಗೆ ಬೇರೆ ಪಾರ್ಟಿ ಬರಬಹುದಂತೆ. ಸೂರ್ಯ ಬೇರೆ ಆರಕ್ಕೆ ಮೊದಲೇ ಮುಳುಗುತ್ತಾನೆ, ಜೀಪು ಈಗಲೇ ಹೊರಡಬೇಕಂತೆ. ತಲೆಗೆ 2,200. ಜೀಪು, ಒಂಟೆ, ಕಾಲ್ಬೇಲಿಯಾ ಕುಣಿತ, ಊಟ ಎಲ್ಲ ಸೇರಿ. ಅಮ್ಮ ಒಂಟೆ ಹತ್ತುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ ಅಂದೆ. ಪ್ಯಾಕೇಜಿನಲ್ಲಿ ಅರ್ಧ ಟಿಕೆಟ್ ಇಲ್ಲವಂತೆ. ಮುನ್ನೂರು ಕಿಲೋಮೀಟರಿನ ಹತ್ತಿರ ಓಡಿಸಿ ಬಂದ ಸೊಂಟ ನನ್ನ ಪರವಾಗಿ ಹೂಂ ಅಂದಿತು. 8,800.

ಬಂದವರಿಂದ ಹೀಗೆ ವಸೂಲಿ ಮಾಡುವುದು ಈ ಊರಿಗೆ ಹೊಸದಲ್ಲ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಊರು ಬೆಳೆದದ್ದೇ ದಾರಿಹೋಕರಿಂದ. ಒಂಟೆ ಸಾಲಿನಲ್ಲಿ ಸರಕು ಹೊತ್ತು ಬಂದವರು ಇಲ್ಲಿ ನಿಲ್ಲಲೇಬೇಕು, ನೀರು ಕುಡಿಯಲೇಬೇಕು, ಸುಂಕ ಕಟ್ಟಲೇಬೇಕು. ಕಲ್ಲನ್ನೇ ಕಸೂತಿಯಂತೆ ಕೊರೆಸಿದ ಪಟ್ವಾ ವ್ಯಾಪಾರಿಗಳ ಹವೇಲಿಗಳು ಎದ್ದದ್ದು ಅಂಥ ವ್ಯಾಪಾರದ ದುಡ್ಡಿನಲ್ಲಿ. ಮುಂಬಯಿ ಬಂದರು ಬೆಳೆದ ಮೇಲೆ ದಾರಿ ಸೊರಗಿತು, 1947ರಲ್ಲಿ ಗಡಿ ಬಿದ್ದ ಮೇಲೆ ಮುಚ್ಚಿಯೇ ಹೋಯಿತು. ಈಗ ನಾವು ಬರುತ್ತೇವೆ, ಅಕ್ಟೋಬರಿನಿಂದ ಮಾರ್ಚಿನವರೆಗೆ. ಅಷ್ಟರಲ್ಲೇ ಅವರ ವರ್ಷದ ಅನ್ನ ಹುಟ್ಟಬೇಕು. ಸೊಂಟ ನೋವು, ಅಮ್ಮನ ಪಥ್ಯ ಎಂದೆಲ್ಲ ಆ ಮ್ಯಾನೇಜರ್‌ಗೆ ಹೇಳಿದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು, ಅಷ್ಟೆ.

ಊರಿನಿಂದ ನಲವತ್ತು ಕಿಲೋಮೀಟರ್ ಆಚೆ, ಸಮ್‌ನ ಮರಳು ದಿಣ್ಣೆಗಳ ಹತ್ತಿರ ಇಳಿದೆವು. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಮುಂದಕ್ಕೆ ಮುಗ್ಗರಿಸಿ ನಾನು ಕೂಗಿದ್ದು ಮಗಳ ಮೊಬೈಲಿನಲ್ಲಿ ಭದ್ರವಾಗಿದೆ. ಅಮ್ಮ ಕೆಳಗೆ ಇಪ್ಪತ್ತು ರೂಪಾಯಿ ಚಹಾ ಕುಡಿಯುತ್ತ ಕೂತಿದ್ದಳು. ಲೆಕ್ಕ ಕೇಳಿದವಳೇ, "ಇಷ್ಟು ದುಡ್ಡಿಗೆ ಒಂದು ಟ್ರ್ಯಾಕ್ಟರ್ ಮರಳು ಮನೆ ಬಾಗಿಲಿಗೇ ಬರ್ತಿತ್ತಲ್ಲೋ!" ಅಂದಳು.

ಸವಾರಿ ಮುಗಿದಾಗ ಒಂಟೆ ಹಿಡಿದಿದ್ದ ಹುಡುಗ ಇನ್ನೂರು ಕೇಳಿದ. ಹೋಟೆಲಿನಲ್ಲೇ ಎಲ್ಲ ಕಟ್ಟಿದ್ದೇವೆ ಎಂದು ದಬಾಯಿಸಿದೆ. ಒಂಟೆಗೆ ನೂರೈವತ್ತರಂತೆ ತನ್ನ ಕೈಗೆ ಬರುತ್ತದೆ, ಮೇವು ತನ್ನದೇ, ಮಾರ್ಚ್ ಕಳೆದರೆ ಮಳೆಗಾಲ ಮುಗಿಯುವ ತನಕ ಒಂಟೆಗೆ ಕೆಲಸವಿಲ್ಲ ಎಂದೆಲ್ಲ ಅವನು ಹೇಳುತ್ತಿದ್ದ. ನಾನು ಪರ್ಸಿನಲ್ಲಿ ನೂರರ ನೋಟು ಹುಡುಕುತ್ತಿದ್ದೆ. ಯುಪಿಐಗೆ ಅಲ್ಲಿ ಸಿಗ್ನಲ್ ಸಿಗಲಿಲ್ಲ. ನೂರೇ ಕೊಟ್ಟೆ.

ರಾತ್ರಿ ಬಿಸಿನೀರಿಲ್ಲದ ರೂಮಿನಲ್ಲಿ ರಜಾಯಿ ಹೊದ್ದು ಲೆಕ್ಕ ಬರೆದೆ. ಎರಡು ರೂಮಿಗೆ 1,800, ಶೇ 5 ಜಿಎಸ್‌ಟಿ ಸೇರಿ 1,890. (2025ರ ಸೆಪ್ಟೆಂಬರ್ 22ಕ್ಕೆ ಮೊದಲಾಗಿದ್ದರೆ ಶೇ 12 ಆಗುತ್ತಿತ್ತು.) ಸಫಾರಿಯ ಗೊಡವೆ ಇಲ್ಲದ ಪಕ್ಕದ ಹೋಟೆಲಿನಲ್ಲಿ 2,400ರ ರೂಮಿತ್ತು, ಎರಡಕ್ಕೆ ತೆರಿಗೆ ಸೇರಿ 5,040. ಅಂದರೆ ರೂಮಿನಲ್ಲಿ ಉಳಿಸಿದ್ದು 3,150. ಆದರೆ ಸಮ್‌ನಲ್ಲಿ ಬೇಲಿಯಾಚೆಯ ಕ್ಯಾಂಪಿನವರು ಅದೇ ಒಂಟೆ, ಅದೇ ಕುಣಿತ, ಅದೇ ಊಟಕ್ಕೆ ತಲೆಗೆ 1,400 ಹೇಳಿದ್ದರು. ಅಮ್ಮನನ್ನು ಬಿಟ್ಟು ಮೂವರಿಗೆ 4,200, ನಮ್ಮ ಕಾರಿನ ಪೆಟ್ರೋಲಿಗೆ ಐನೂರು. ಅಲ್ಲಿ ಕಳೆದದ್ದು 4,100. ಒಟ್ಟು ನಷ್ಟ 950 ರೂಪಾಯಿ.

ಮುಳುಗಿ ಹೋಗುವ ಮೊತ್ತವೇನಲ್ಲ. ಮ್ಯಾನೇಜರನ್ನು ಬೈಯಲೂ ಮನಸ್ಸಿಲ್ಲ; ಸೀಸನ್ನಿನಲ್ಲಿ 900ಕ್ಕೆ ರೂಮು ಕೊಟ್ಟವನು ಉಳಿದದ್ದನ್ನು ಒಂಟೆಯ ಬೆನ್ನಿನ ಮೇಲೆ ವಸೂಲಿ ಮಾಡದೆ ಇನ್ನೆಲ್ಲಿ ಮಾಡುತ್ತಾನೆ? 1,800ಕ್ಕೆ ಅರ್ಧ ಗಂಟೆ ತಲೆ ಕೆಡಿಸಿಕೊಂಡ ನಾನು 8,800ಕ್ಕೆ ಎರಡು ನಿಮಿಷ ಕೊಟ್ಟಿದ್ದೆ. ಇದ್ದಬದ್ದ ಚೌಕಾಸಿಯನ್ನೆಲ್ಲ ಆ ಹುಡುಗನ ನೂರು ರೂಪಾಯಿಯ ಮೇಲೆ ಮುಗಿಸಿದ್ದೆ. ಸುಖದುಃಖ ಹೇಳಿಕೊಂಡವನು ಅವನು. ಆಗ ಸುಂಕದವನ ಜಾಗದಲ್ಲಿ ನಿಂತಿದ್ದವನು ನಾನು.

ಈಗ ಇಂಥ ಊರಿಗೆ ಹೊರಟರೆ ಬುಕ್ ಮಾಡುವ ಮೊದಲೇ ಫೋನ್ ಮಾಡಿ ಕೇಳುತ್ತೇನೆ: "ನಿಮ್ಮಿಂದ ಬೇರೇನೂ ತಗೊಳ್ಳದಿದ್ದರೆ ರೂಮಿಗೆ ಎಷ್ಟು?" ಎಷ್ಟೋ ಸಲ ಆ ಕಡೆ ಒಂದು ಕ್ಷಣ ಮಾತೇ ಇರುವುದಿಲ್ಲ. ಆಮೇಲೆ ಬರುವುದು ನಿಜವಾದ ರೇಟು.

ಮಗಳು ಸಮ್‌ನಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದಿಷ್ಟು ಮರಳು ತಂದಿದ್ದಾಳೆ. ಟಿವಿ ಪಕ್ಕದಲ್ಲಿದೆ. ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಾಳೆ: "ಎಂಟು ಸಾವಿರದ ಎಂಟುನೂರು, ಮುಟ್ಟಿ ನೋಡಿ."